ತೋಳದಿಂದ ಕುರಿ ಕಾಯುವ ರಾತ್ರಿಗಳಿಗೆ ಒಂದು ಕೆಂಪು ದೀಪ

ತಲೆಗೆ ಕಟ್ಟಿಕೊಳ್ಳುವ ಈ ಟಾರ್ಚನ್ನು ಗಂಗಾವತಿ ಮಾರುಕಟ್ಟೆಯಲ್ಲಿ 850 ರೂಪಾಯಿಗೆ ತಂದೆ. ಬಿಳಿ ಬೆಳಕಿನ ಜೊತೆಗೆ ಕೆಂಪೂ ಇದೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವ ನಮ್ಮಂಥವರಿಗೆ ಆ ಕೆಂಪು ಬೆಳಕೊಂದಕ್ಕೇ ಇಷ್ಟು ಹಣ ಕೊಡಬಹುದು.

ತೋಳ ಬಂದರೆ ನಾಯಿಗಳು ಎಬ್ಬಿಸುತ್ತವೆ, ಎಲ್ಲರೂ ಎದ್ದು ಕೂಗುತ್ತೇವೆ. ಏನೂ ಬಾರದ ರಾತ್ರಿಗಳೇ ಹೆಚ್ಚು. ಹೊತ್ತು ಹೋಗದೆ ಕಾಡುವುದೂ ಅವೇ. ಬೇಸರ ಕಳೆಯಲು ಬಿಳಿ ಟಾರ್ಚನ್ನು ಸುಮ್ಮನೆ ಸುತ್ತ ತಿರುಗಿಸುತ್ತೇವೆ, ಮೊಬೈಲ್ ತೆರೆಯುತ್ತೇವೆ. ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗಲು 20–30 ನಿಮಿಷ ಬೇಕು. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಅದಷ್ಟೂ ವ್ಯರ್ಥ. ಮಂದ ಕೆಂಪು ಬೆಳಕಿನಲ್ಲಿ ಹಾಗಾಗುವುದಿಲ್ಲ. ಕುರಿಗಳ ಸುತ್ತ ಕಟ್ಟಿದ ಬಲೆಯ ಗೂಟ ಬಿಗಿ ಮಾಡಬಹುದು, ಕುಂಟುವ ಮರಿಯ ಗೊರಸು ನೋಡಬಹುದು, ಚಹಾ ಸೋಸಬಹುದು. ತಲೆ ಎತ್ತಿದರೆ ದೂರದ ಬದುವೂ ಕಾಣುತ್ತದೆ. ಹೀಗೆ ಕೈಗೆ ಕೆಲಸ ಸಿಕ್ಕಿದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ.

ನಾಯಿ ಸದ್ದು ಮಾಡಿದಾಗ ಬಿಳಿ ಬೆಳಕು ಬೇಕೇ ಬೇಕು. ಅದು ಹಟ್ಟಿಯ ಆಚೆ ಒಂದು ಹೊಲದಷ್ಟು ದೂರ ಚೆನ್ನಾಗಿ ಹೋಗುತ್ತದೆ. ಹೊಳೆಯುವ ಕಣ್ಣುಗಳನ್ನು ನೋಡಿ ಗುರುತಿಸುವುದನ್ನು ಹುಡುಗರಿಗೆ ಕಲಿಸಿ. ಕುರಿಯ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಅದು ಪಕ್ಕಕ್ಕೆ ತಿರುಗಿ ನಿಂತಾಗ ಒಂದೇ ಹೊಳೆಯುತ್ತದೆ, ನಮ್ಮ ಕಡೆ ನೋಡಿದರೆ ಎರಡೂ ಹೊಳೆಯಬಹುದು. ತೋಳ ನಮ್ಮ ಕಡೆ ನೋಡಿದರೆ ಎರಡೂ ಜೋಡಿಯಾಗಿ ಹೊಳೆಯುತ್ತವೆ. ನಾಯಿಯದೂ ಹಾಗೆಯೇ, ಆದ್ದರಿಂದ ನಿಮ್ಮ ನಾಯಿಗಳು ಎಲ್ಲಿವೆ ಎಂಬುದು ಮೊದಲು ಗೊತ್ತಿರಲಿ.

ಬೆಳಕು, ಕೂಗು, ನಾಯಿ, ಬಲೆ: ನಮಗಿರುವ ಆಯುಧಗಳು ಇವೇ, ಇಷ್ಟೇ ಇರಬೇಕು. ತೋಳವನ್ನು ಕೊಲ್ಲುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿಯೇ ತೋಳಧಾಮವಿದೆ. ಅವು ಈ ಬಯಲಿನಲ್ಲಿ ಉಳಿಯಲೇಬೇಕು ಎಂದು ಕುರಿ ಕಳೆದುಕೊಂಡ ಮೇಲೂ ಹೇಳುತ್ತೇನೆ.

ಚಾರ್ಜ್ ಬಗ್ಗೆ ದೂರಿಲ್ಲ, ಕೆಂಪಿನಲ್ಲಿಯೇ ಇಟ್ಟರೆ ಬೆಳಗಿನವರೆಗೆ ಬರುತ್ತದೆ. ತಲೆಪಟ್ಟಿ ಮಾತ್ರ ಬೆವರಿಗೆ ಬೇಗ ಸಡಿಲವಾಯಿತು. ದೊಡ್ಡ ದೋಷ ಗುಂಡಿಯದು. ಒತ್ತಿದರೆ ಮೊದಲು ಬಿಳಿ, ಆಮೇಲೆ ಮಂದ ಬಿಳಿ, ಕೊನೆಗೆ ಕೆಂಪು. ಕೆಂಪು ಬರುವಷ್ಟರಲ್ಲಿ ಕಣ್ಣು ಕೆಟ್ಟಿರುತ್ತದೆ. ಸದ್ಯಕ್ಕೆ ಅಂಗೈಯಿಂದ ಗಾಜು ಮುಚ್ಚಿಕೊಂಡು ಒತ್ತುತ್ತೇನೆ. ನೀವು ಕೊಳ್ಳುವಾಗ ಅಂಗಡಿಯಲ್ಲೇ ಹತ್ತಿಸಿ ನೋಡಿ. ಕೆಂಪಿಗೆ ಬೇರೆ ಗುಂಡಿ ಇರುವುದು ಸಿಕ್ಕರೆ 200 ರೂಪಾಯಿ ಹೆಚ್ಚಾದರೂ ಅದನ್ನೇ ತನ್ನಿ.