ವೇಸ್ಟೇಜ್ ಆದ ಚಿನ್ನ ಎಲ್ಲಿಗೆ ಹೋಗುತ್ತಪ್ಪಾ? ಒಂದು ಚಿನ್ನದಂಗಡಿಯ ರಿವ್ಯೂ

ಮೈಸೂರಿನ ಅಶೋಕ ರಸ್ತೆಯಲ್ಲಿ ಚಿನ್ನದಂಗಡಿಗಳಿಗೆ ಬರವಿಲ್ಲ. ಅದರಲ್ಲಿ ಒಂದರ ಬಗ್ಗೆ ಈ ರಿವ್ಯೂ. ಹೆಸರು ಹಾಕುತ್ತಿಲ್ಲ. ಇಲ್ಲಿ ಬರೆದಿರೋ ಒಳ್ಳೆಯದು, ಕೆಟ್ಟದ್ದು ಎರಡೂ ಬೇರೆ ಅಂಗಡಿಗಳಲ್ಲೂ ನಿಮಗೆ ಸಿಗುತ್ತದೆ.

ಚಿಕ್ಕಮ್ಮನ ಮಗಳ ಮದುವೆಗೆ ಒಂದು ಸರ, ಒಂದು ಜೊತೆ ಓಲೆ ಬೇಕಿತ್ತು. ಹಳೇ ಬಳೆಗಳನ್ನು ಕೊಟ್ಟು ಬದಲಾಯಿಸುವುದೂ ಇತ್ತು. ನಮ್ಮ ಚಿಕ್ಕಮ್ಮ ಗೊತ್ತಿಲ್ಲದ್ದನ್ನು ಯಾರೆದುರಾದರೂ ಸರಿ, ಗೊತ್ತಿಲ್ಲ ಅಂತಲೇ ಕೇಳಿಬಿಡುವ ಪೈಕಿ. ನಮ್ಮಂಥವರು ತಲೆ ಆಡಿಸಿ ಸುಮ್ಮನಾಗುತ್ತೀವಿ, ಮನೆಗೆ ಬಂದು ಯೂಟ್ಯೂಬ್ ನೋಡುತ್ತೀವಿ. ಅವರ ಪ್ರಶ್ನೆಗಳಿಂದ ಒಂದೆರಡು ಕಡೆ ಲಾಭ ಆಯಿತು, ಒಂದೆರಡು ಕಡೆ ಕಷ್ಟವೂ ಆಯಿತು.

ಮೊದಲು ಸರ. ಮೆಷಿನ್‌ನಲ್ಲಿ ಮಾಡಿದ ಚೈನು, 20 ಗ್ರಾಂ. ವೇಸ್ಟೇಜ್ 14% ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೀನಿ, ವೇಸ್ಟೇಜ್ ಅಂದರೆ ಒಡವೆ ಮಾಡುವಾಗ ಕಳೆದುಹೋಗುತ್ತೆ ಅಂತ ಲೆಕ್ಕ ಹಾಕುವ ಚಿನ್ನ. 20 ಗ್ರಾಂಗೆ 14% ಅಂದರೆ 2.8 ಗ್ರಾಂ ಚಿನ್ನದ ಬೆಲೆ. ಅದು ನಿಮ್ಮ ಕತ್ತಿಗೆ ಬರುವುದಿಲ್ಲ, ಬಿಲ್‌ಗೆ ಮಾತ್ರ ಬರುತ್ತದೆ. ಚಿಕ್ಕಮ್ಮ ಕೇಳಿದರು: "ಅಲ್ಲಪ್ಪಾ, ಈ ವೇಸ್ಟೇಜ್ ಆದ ಚಿನ್ನ ಎಲ್ಲಿಗೆ ಹೋಗುತ್ತೆ? ಕಸಕ್ಕಾ?" ಕೌಂಟರಿನ ಹುಡುಗ ನಕ್ಕ. "ಕೆಲಸ ಮಾಡುವಾಗ ಪುಡಿ ಉದುರುತ್ತಮ್ಮಾ." "ಉದುರಿದ್ದನ್ನ ಗುಡಿಸಿ ಇಟ್ಕೊಳ್ಳಲ್ವಾ? ಅದೂ ಮೆಷಿನ್ ಮಾಡಿದ್ದು ಅಂತೀಯ." ಪಕ್ಕದ ಕೌಂಟರಿನಲ್ಲಿ ಕೂತಿದ್ದ ಇಬ್ಬರು ಹೆಂಗಸರು ಅವರ ಬಳೆ ಬಿಟ್ಟು ಈ ಕಡೆ ತಿರುಗಿದರು. ಹುಡುಗ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಪುಡಿ ವಿಷಯ ಎತ್ತಲೇ ಇಲ್ಲ, ಕ್ಯಾಲ್ಕುಲೇಟರ್ ತಗೊಂಡು "11 ಹಾಕ್ಕೊಡ್ತೀನಿ ಬಿಡಿ" ಅಂದರು. ಮೂರು ಪರ್ಸೆಂಟ್ ಅಂದರೆ ಅರ್ಧ ಗ್ರಾಂಗಿಂತ ಜಾಸ್ತಿ. ನಾನು ಚೌಕಾಸಿಗೆ ಇಳಿದಿದ್ದರೆ "ಫಿಕ್ಸೆಡ್ ಸಾರ್" ಅಂತ ಮುಗಿಸುತ್ತಿದ್ದರು. ಬೆಲೆ ಇಳಿಸಿ ಅನ್ನುವವರಿಗೆ ಬೇಡ ಅನ್ನೋದು ಸುಲಭ, ಇದು ಏನು ಅಂತ ಹೇಳಿ ಅನ್ನುವವರಿಗೆ ಏನಾದರೂ ಹೇಳಲೇಬೇಕಲ್ವಾ.

ಹಾಲ್‌ಮಾರ್ಕ್, ಅಂದರೆ ಒಡವೆ ಮೇಲೆ ಹಾಕುವ ಶುದ್ಧತೆಯ ಗುರುತು, ಅದರ ವಿಷಯದಲ್ಲಿ ಈ ಅಂಗಡಿಗೆ ಪೂರ್ತಿ ಮಾರ್ಕ್ಸ್. ಕೇಳಿದ ಕೂಡಲೇ ಭೂತಗನ್ನಡಿ ಕೊಟ್ಟರು. 10 ಪಟ್ಟು ದೊಡ್ಡದಾಗಿ ತೋರಿಸುವ ಗಾಜು ಅಂಗಡಿಯಲ್ಲಿ ಇರಲೇಬೇಕು ಅನ್ನೋದು ನಿಯಮವೇ, ಆದರೂ ಕೆಲವು ಕಡೆ ಡ್ರಾಯರ್ ಹುಡುಕಾಟ ನಡೆಯುತ್ತದೆ. ಚೈನಿನ ಕೊಂಡಿಯ ಹತ್ತಿರ ಮೂರು ಗುರುತು: ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ತ್ರಿಕೋನದ ಚಿಹ್ನೆ, 22ಕೆ916, ಆಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಈ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ, 2 ಗ್ರಾಂಗಿಂತ ಕಡಿಮೆ ಇರುವ ಸಣ್ಣಪುಟ್ಟದ್ದಕ್ಕೆ ವಿನಾಯಿತಿ ಇದೆ. ಸೊನ್ನೆಯೋ 'ಓ'ನೋ ಅಂತ ಕಣ್ಣು ಕಿರಿದು ಮಾಡಿ ನೋಡಿ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದೆ. ಶುದ್ಧತೆ, ಒಡವೆಯ ಬಗೆ, ಹಾಲ್‌ಮಾರ್ಕ್ ಹಾಕಿದ ಕೇಂದ್ರ, ಹಾಕಿಸಿದವರ ಹೆಸರು ಎಲ್ಲ ಬಂತು. ಹೆಸರು ಮಾತ್ರ ಈ ಅಂಗಡಿಯದ್ದಲ್ಲ!

ನನಗೆ ಕೇಳಲು ಮುಜುಗರ. ಚಿಕ್ಕಮ್ಮನಿಗೆ ಅದೆಲ್ಲ ಇಲ್ಲ. "ಇದೇನಪ್ಪಾ, ಬೇರೆಯವರ ಅಂಗಡಿ ಹೆಸರಿದೆ?" ಹುಡುಗ ಚೆನ್ನಾಗಿ ಉತ್ತರ ಕೊಟ್ಟ. ಒಡವೆ ತಯಾರಿಸಿದ ಹೋಲ್‌ಸೇಲಿನವರೇ ಹಾಲ್‌ಮಾರ್ಕ್ ಹಾಕಿಸಿರುತ್ತಾರೆ, ಆಗ ಅವರ ಹೆಸರು ಬರುತ್ತದೆ ಅಂದ. ಸರಿಯಾದ ಮಾತೇ. ನೀವು ಆ್ಯಪ್‌ನಲ್ಲಿ ನೋಡಬೇಕಾದ್ದು ಒಡವೆಯ ಬಗೆ. ಕೈಲಿ ಚೈನಿದ್ದು ಆ್ಯಪ್ ಉಂಗುರ ಅಂದರೆ ಎದ್ದು ಬನ್ನಿ.

ಇನ್ನು ಕಷ್ಟದ ಭಾಗ.

ಓಲೆ ಕೌಂಟರಿನಲ್ಲಿ ಚಿಕ್ಕಮ್ಮ "916 ಅಂದ್ರೆ ಏನು?" ಅಂದುಬಿಟ್ಟರು. ಅಲ್ಲಿದ್ದ ಸೇಲ್ಸ್‌ಮನ್ ವರಸೆಯೇ ಬದಲಾಯಿತು. ದನಿ ಸ್ವಲ್ಪ ಮೇಲೆ, ಮಾತು ಸ್ವಲ್ಪ ನಿಧಾನ, ಚಿಕ್ಕ ಮಕ್ಕಳಿಗೆ ಹೇಳೋ ಥರ. "916 ಅಂದ್ರೆ ಟಾಪ್ ಕ್ವಾಲಿಟಿ ಅಮ್ಮಾ, ಅದಕ್ಕೇ ಇದರ ವೇಸ್ಟೇಜ್ 18." ಇದು ಅಪ್ಪಟ ಸುಳ್ಳು. 916 ಅಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ, 22 ಕ್ಯಾರೆಟ್, ಅಷ್ಟೇ. ನಾವು 11ಕ್ಕೆ ತಗೊಂಡ ಚೈನೂ ಅದೇ 916. ವೇಸ್ಟೇಜ್ ಹೋಗೋದು ಡಿಸೈನಿನ ಮೇಲೆ, ಅಂಗಡಿಯವರ ಮನಸ್ಸಿನ ಮೇಲೆ. ಆದರೆ ಅವನು ಎಷ್ಟು ಗಟ್ಟಿಯಾಗಿ ಹೇಳಿದ ಅಂದರೆ ಚಿಕ್ಕಮ್ಮ "ಹೌದಾ" ಅಂತ ಒಪ್ಪಿಕೊಂಡೇಬಿಟ್ಟರು. ಉತ್ತರ ನಿಜವೋ ಸುಳ್ಳೋ ಅಂತ ಅಲ್ಲೇ ನೋಡಲು ನಮ್ಮ ಹತ್ತಿರ ಏನೂ ಇಲ್ಲದಿದ್ದರೆ ಇಂಥ ಪ್ರಶ್ನೆ ಕೇಳುವುದು ಚೀಟಿ ಹರಾಜಿನಲ್ಲಿ ನಮ್ಮ ಬಿಡ್ ಮೊತ್ತ ಮೊದಲೇ ಹೇಳಿಬಿಟ್ಟ ಹಾಗೆ.

ಆಮೇಲೆ ನಡೆದದ್ದು ನೋಡಿ. ನಮ್ಮನ್ನು ಮೆಲ್ಲಗೆ ಕಲ್ಲಿನ ಸೆಟ್‌ಗಳ ಕಡೆ ಕರೆದುಕೊಂಡು ಹೋದರು. ಕಾಫಿ ಬಂತು. ತಿಂಗಳು ತಿಂಗಳು ಹಣ ಕಟ್ಟಿ ಕೊನೆಗೆ ಒಡವೆ ತಗೊಳ್ಳುವ ಹನ್ನೊಂದು ತಿಂಗಳ ಚಿನ್ನದ ಸ್ಕೀಮ್ ಫಾರಂ ಬಂತು. "ಯಾವುದು ಚೆನ್ನಾಗಿದೆ, ನೀನೇ ಹೇಳಪ್ಪಾ" ಅಂತ ಚಿಕ್ಕಮ್ಮ ಕೇಳಿದ ತಕ್ಷಣ ಟ್ರೇಯಲ್ಲಿ ಎಲ್ಲಕ್ಕಿಂತ ದುಬಾರಿ ಸೆಟ್ ಮೇಲೆ ಬಂತು. ಈ ಒಂದು ಪ್ರಶ್ನೆಯನ್ನು ಮಾತ್ರ ಯಾವ ಅಂಗಡಿಯಲ್ಲೂ ಕೇಳಬೇಡಿ, ದಯವಿಟ್ಟು.

ಪುಣ್ಯಕ್ಕೆ ಅವರದ್ದೇ ಮುಂದಿನ ಪ್ರಶ್ನೆ ನಮ್ಮನ್ನು ಕಾಪಾಡಿತು. "ನಾಳೆ ಇದನ್ನ ವಾಪಸ್ ತಂದ್ರೆ ಈ ಕಲ್ಲಿಗೆ ಎಷ್ಟು ಕೊಡ್ತೀರಾ?" ಒಂದು ಕ್ಷಣ ಮೌನ. "ಕಲ್ಲಿಗೆ ವಾಪಸ್ ರೇಟ್ ಇರಲ್ಲಮ್ಮಾ, ಚಿನ್ನಕ್ಕೆ ಮಾತ್ರ." ಚಿಕ್ಕಮ್ಮ ಸೆಟ್ಟನ್ನು ಟ್ರೇಗೆ ವಾಪಸ್ ಇಟ್ಟು, ಕಲ್ಲಿಲ್ಲದ ಜುಮುಕಿ ತೋರಿಸು ಅಂದರು. ಸ್ಕೀಮ್ ಬಗ್ಗೆ "ಅದೇನು ಹನ್ನೊಂದು ತಿಂಗಳು, ಹನ್ನೆರಡು ಯಾಕಿಲ್ಲ?" ಅಂತ ಕೇಳಿದ್ದಕ್ಕೆ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಕಂಪನಿಗಳು ಸಾಮಾನಿಗೆ ಅಂತ ಮುಂಗಡ ತಗೊಂಡರೆ 365 ದಿನದೊಳಗೆ ಸಾಮಾನು ಕೊಟ್ಟು ಲೆಕ್ಕ ಮುಗಿಸಬೇಕು, ಇಲ್ಲದಿದ್ದರೆ ಅದು ಠೇವಣಿ ಅಂತ ಆಗಿಬಿಡುತ್ತದೆ. 2014ರ ಠೇವಣಿ ನಿಯಮ ಅದು. ಮಾರುವವರಿಗೇ ಗೊತ್ತಿಲ್ಲದ ಸ್ಕೀಮಿಗೆ ನಾವು ಸಹಿ ಹಾಕಲಿಲ್ಲ.

ಹಳೇ ಬಳೆಗಳ ವಿಷಯದಲ್ಲಿ ನನಗೆ ನಿಜವಾಗಿ ಬೇಜಾರಾಯಿತು. "ಇದು ಎಷ್ಟು ಕ್ಯಾರೆಟ್ ಇರಬಹುದಪ್ಪಾ?" ಅಂತ ಚಿಕ್ಕಮ್ಮ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ ಒರೆಗೂ ಹಚ್ಚದೆ, ಶುದ್ಧತೆ ನೋಡುವ ಮೆಷಿನ್ನಿಗೂ ಇಡದೆ, ಬೆಳಕಿಗೆ ಹಿಡಿದು ನೋಡಿ "18 ಇರಬಹುದು" ಅಂದುಬಿಟ್ಟ. ಬಳೆಯನ್ನು ವಾಪಸ್ ಪರ್ಸಿಗೆ ಹಾಕಿ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಹೋದೆವು. ಜನಸಾಮಾನ್ಯರೂ ಅಲ್ಲಿ ಪರೀಕ್ಷೆ ಮಾಡಿಸಬಹುದು, ನಾಲ್ಕು ಒಡವೆವರೆಗೆ 200 ರೂಪಾಯಿ. 875 ಬಂತು. ಅಂದರೆ 21 ಕ್ಯಾರೆಟ್. ರಿಪೋರ್ಟ್ ಹಿಡಿದು ಅದೇ ಅಂಗಡಿಗೆ ವಾಪಸ್ ಹೋದಾಗ ಮ್ಯಾನೇಜರ್ ತಮ್ಮ ಮೆಷಿನ್‌ನಲ್ಲೂ ನೋಡಿ, ಮಾತಿಲ್ಲದೆ 21ರ ಲೆಕ್ಕ ಹಾಕಿದರು. ಹುಡುಗ ಕೆಟ್ಟವನೋ, ಅವನಿಗೂ ಗೊತ್ತಿರಲಿಲ್ಲವೋ, ಹೇಳೋದು ಕಷ್ಟ. ನಮ್ಮ ವಸ್ತುವಿನ ಬೆಲೆಯನ್ನು ಕೊಳ್ಳುವವರನ್ನೇ ಕೇಳಿದರೆ ಇನ್ನೇನು ಸಿಗುತ್ತೆ.

ಬಿಲ್ ಚೊಕ್ಕವಾಗಿತ್ತು. ನೆಟ್ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಒಡವೆಗೆ 45 ರೂಪಾಯಿ, ಎಲ್ಲ ಬೇರೆ ಬೇರೆ ಸಾಲಿನಲ್ಲಿ. 3% ಜಿಎಸ್‌ಟಿ ವೇಸ್ಟೇಜ್ ಸೇರಿದ ಮೊತ್ತದ ಮೇಲೆ ಬೀಳುತ್ತದೆ, ಅದನ್ನು ನೆನಪಿಟ್ಟುಕೊಂಡು ಬಜೆಟ್ ಹಾಕಿ. ಬಿಲ್ ಎಸೆಯಬೇಡಿ. ಹಾಲ್‌ಮಾರ್ಕ್ ಒಡವೆಯಲ್ಲಿ ಶುದ್ಧತೆ ಕಡಿಮೆ ಅಂತ ಸಾಬೀತಾದರೆ, ಕೊರತೆಯ ಎರಡರಷ್ಟು ಹಣ ಮತ್ತು ಪರೀಕ್ಷೆಯ ಖರ್ಚು ಕೊಡಬೇಕು ಅಂತ ಬಿಐಎಸ್ ನಿಯಮದಲ್ಲಿದೆ.

ಒಟ್ಟು 5ಕ್ಕೆ 3 ಕೊಡುತ್ತೀನಿ. ಚೈನ್ ಕೌಂಟರಿಗೆ 4, ಓಲೆ ಕೌಂಟರಿಗೆ 2. ಕಾಫಿ ಚೆನ್ನಾಗಿತ್ತು. ಪಾರ್ಕಿಂಗ್ ಇಲ್ಲ, ಗಾಡಿ ದೂರ ನಿಲ್ಲಿಸಿ ನಡೆದು ಬರಬೇಕು. ಹೋಗುವುದಾದರೆ ವಾರದ ಮಧ್ಯೆ ಬೆಳಿಗ್ಗೆ ಹೋಗಿ. ಅಕ್ಷಯ ತೃತೀಯದ ದಿನ ಅಲ್ಲಿ ಕೂರಲೂ ಜಾಗ ಸಿಗುವುದಿಲ್ಲ, ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳುವಷ್ಟು ಪುರುಸೊತ್ತೂ ಯಾರಿಗೂ ಇರುವುದಿಲ್ಲ.