ಕಿಸಾನ್ ಕವಚ: ಔಷಧಿ ಹೊಡೆಯುವವರು ₹4,000 ಕೊಟ್ಟು ಕೊಳ್ಳಬಹುದೇ?

ಹೊಲದಲ್ಲಿ ಔಷಧಿ ಹೊಡೆಯುವವರ ಮೈಗೆ ವಿಷ ಸೇರುವುದು ಹೆಚ್ಚಾಗಿ ಚರ್ಮದ ಮೂಲಕ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ವಾಸನೆ ತುಸು ಕಡಿಮೆಯಾದೀತು, ಅಷ್ಟೇ. ಬೆನ್ನಿಗೆ ಹೊತ್ತ ಕ್ಯಾನಿನ ಮುಚ್ಚಳದಿಂದ ಸೋರಿ ಬೆನ್ನು, ಸೊಂಟ, ತೊಡೆಸಂದಿಗೆ ಇಳಿಯುವ ದ್ರಾವಣಕ್ಕೆ ಅದು ತಡೆಯಲ್ಲ. ತೊಡೆಸಂದಿಯ ತೆಳು ಚರ್ಮವಂತೂ ಮುಂಗೈಗಿಂತ ಎಷ್ಟೋ ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆ ಮತ್ತು ಸೆಪಿಯೋ ಹೆಲ್ತ್ ಕಂಪನಿ ಸೇರಿ ರೂಪಿಸಿದ ಕಿಸಾನ್ ಕವಚ ಎಂಬ ಉಡುಪು ಮುಖ್ಯವಾಗಿ ಈ ದಾರಿಯನ್ನು ಮುಚ್ಚಲು ಹೊರಟಿದೆ. 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಇದರ ಬೆಲೆ ₹4,000. ಮೇಲಂಗಿ, ಪ್ಯಾಂಟು, ಮುಖಗವಸು, ಮೂರೂ ಸೇರಿ ಒಂದು ಸೆಟ್.

ಬಟ್ಟೆಯ ಒಳಗುಟ್ಟು ನಿಜಕ್ಕೂ ಚೆನ್ನಾಗಿದೆ. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕಬೇಕು. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೋಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತವೆ. ಸಂದೇಶ ನಿಲ್ಲದೆ ಹರಿಯುತ್ತದೆ: ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಬೆವರು, ಸ್ನಾಯುಗಳ ಅದುರು, ಕೊನೆಗೆ ಉಸಿರಾಟವೇ ಸೋಲುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ಅಟ್ರೋಪಿನ್ ಜೊತೆ ಪ್ರಾಲಿಡಾಕ್ಸಿಮ್ ಕೊಡುತ್ತಾರೆ. ಕವಚದ ಹತ್ತಿ ನೂಲಿಗೆ ಕೂರಿಸಿರುವುದು ಆ ಪ್ರಾಲಿಡಾಕ್ಸಿಮ್‌ನ ರೂಪವನ್ನೇ. ರಕ್ತಕ್ಕೆ ಸೇರಿದ ಮೇಲೆ ಕೊಡುವ ಮದ್ದು ಇಲ್ಲಿ ಬಟ್ಟೆಯಲ್ಲೇ ಕಾದು ಕೂತಿರುತ್ತದೆ, ವಿಷ ತಾಕಿದಾಗ ಅದನ್ನು ಅಲ್ಲೇ ಒಡೆದುಹಾಕುತ್ತದೆ. ಪ್ರಕಟವಾದ ಪ್ರಯೋಗದಲ್ಲಿ ಈ ಬಟ್ಟೆಯ ಮೂಲಕ ಪದೇ ಪದೇ ವಿಷ ತಾಕಿಸಿದ ಇಲಿಗಳೆಲ್ಲ ಬದುಕಿದವು. ಸಾಮಾನ್ಯ ಬಟ್ಟೆಯ ಮೂಲಕ ತಾಕಿಸಿದವುಗಳಲ್ಲಿ ಒಂದೂ ಉಳಿಯಲಿಲ್ಲ. ತುಂಬುತೋಳಿನ ಹಳೇ ಅಂಗಿ ಸಾಕು ಎನ್ನುವವರು ಇದನ್ನು ಗಮನಿಸಬೇಕು. ನೆನೆದ ಅಂಗಿ ವಿಷವನ್ನು ಮೈಗೆ ಒತ್ತಿ ಹಿಡಿಯುತ್ತದೆ.

ಆದರೆ ಈ ರಸಾಯನ ಕೆಲಸ ಮಾಡುವುದು ಮುಖ್ಯವಾಗಿ ಆರ್ಗನೋಫಾಸ್ಫೇಟ್‌ಗಳ ಮೇಲೆ. ಕಳೆನಾಶಕ ಪ್ಯಾರಾಕ್ವಾಟ್, ಗ್ಲೈಫೋಸೇಟ್, ರಸ ಹೀರುವ ಕೀಟಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ, ಇವುಗಳ ಮುಂದೆ ಇದು ಬರೀ ಹತ್ತಿಬಟ್ಟೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ (ಕೆಂಪು, ಹಳದಿ, ನೀಲಿ, ಹಸಿರು) ವಿಷದ ತೀವ್ರತೆಯನ್ನಷ್ಟೇ ಹೇಳುತ್ತದೆ, ಯಾವ ಗುಂಪಿನ ವಿಷ ಎಂಬುದನ್ನಲ್ಲ. ಔಷಧಿಯ ರಾಸಾಯನಿಕ ಹೆಸರನ್ನು ಓದಲೇಬೇಕು.

ಇನ್ನೊಂದು ಕೊರತೆ ಕೈಯದು. ಸೆಟ್‌ನ ಮೂರು ಭಾಗಗಳಲ್ಲಿ ಕೈಗವಸು ಇಲ್ಲ, ಅಪಾಯ ಅತಿ ಹೆಚ್ಚಿರುವುದು ಮಾತ್ರ ಔಷಧಿ ಬೆರೆಸುವ ಹೊತ್ತಿನಲ್ಲಿ. ಕ್ಲೋರ್‌ಪೈರಿಫಾಸ್ 20% ಇಸಿಯನ್ನು (ನೀರಿಗೆ ಬೆರೆಸುವ ಗಾಢ ದ್ರವ) ಲೀಟರಿಗೆ 2 ಮಿ.ಲೀ. ಹಾಕಿದರೆ ಡಬ್ಬಿಯ ದ್ರವ ಸಿಂಪಡಣೆಯ ದ್ರಾವಣಕ್ಕಿಂತ ಸುಮಾರು 500 ಪಟ್ಟು ಗಾಢ. ಅಳತೆ ಮುಚ್ಚಳದಿಂದ ಬೆರಳಿಗೆ ಇಳಿದ 1 ಮಿ.ಲೀ. ಎಂದರೆ ಅರ್ಧ ಲೀಟರ್ ದ್ರಾವಣ ಕೈಮೇಲೆ ಸುರಿದ ಲೆಕ್ಕ. ಮೊಣಕೈವರೆಗೆ ಬರುವ ದಪ್ಪ ನೈಟ್ರೈಲ್ ಕೈಗವಸು, ಕನ್ನಡಕ, ಗಂಬೂಟು ಬೇರೆಯಾಗಿ ಕೊಳ್ಳಿ. ಬಟ್ಟೆ ಅಥವಾ ಚರ್ಮದ ಕೈಗವಸು ಬೇಡ, ಹೀರಿಕೊಂಡು ಕೂರುತ್ತದೆ. ಪ್ಯಾಂಟಿನ ಅಂಚು ಗಂಬೂಟಿನ ಹೊರಗಿರಲಿ. ಒಳಗೆ ಸಿಕ್ಕಿಸಿದರೆ ಹರಿದದ್ದೆಲ್ಲ ಪಾದಕ್ಕೇ ಇಳಿಯುತ್ತದೆ.

ಬಟ್ಟೆ 50 ಒಗೆತ ತಾಳುತ್ತದೆ, ಹೊಡೆದ ದಿನವೆಲ್ಲ ಒಗೆಯುತ್ತೀರಿ ಎಂದುಕೊಳ್ಳಿ. ಆ ಲೆಕ್ಕಕ್ಕೆ ದಿನಕ್ಕೆ ₹80. ಹತ್ತಿ, ತೊಗರಿ, ಮೆಣಸಿನಕಾಯಿ ಹೊಲಗಳಲ್ಲಿ ಕೂಲಿಗೆ ಹೊಡೆಯುವವರಿಗೆ ಇದು ಖಂಡಿತ ತಕ್ಕ ಬೆಲೆ, ಹೊಲದ ಮಾಲೀಕರೇ ಕೊಡಿಸಬೇಕು. ಕಟ್ಟಿಹೋದ ಕಿಣ್ವ ಚೇತರಿಸಿಕೊಳ್ಳಲು ದಿನಗಳು, ವಾರಗಳು ಬೇಕು. ಅಷ್ಟರಲ್ಲಿ ಮತ್ತೆ ಹೊಡೆದರೆ ಹಾನಿ ಕೂಡುತ್ತಾ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಹೊಡೆಯುವವರು ಮೊದಲು ಕೈಗವಸು ಕೊಂಡು, ಸೋರುವ ಕ್ಯಾನಿನ ವಾಷರ್ ಬದಲಿಸಲಿ.

ಕವಚವನ್ನು ಮನೆಯ ಬಟ್ಟೆಯ ಜೊತೆ ನೆನೆಹಾಕಬೇಡಿ, ಒಗೆಯುವವರ ಕೈಗೂ ಗವಸಿರಲಿ. ಪೂರ್ತಿ ನೆನೆದರೆ ತಕ್ಷಣ ಬಿಚ್ಚಿ ಸೋಪು ಹಚ್ಚಿ ಮೈ ತೊಳೆಯಬೇಕು. ಬೆವರು, ತಲೆಸುತ್ತು ಬಿಸಿಲಿಗೂ ಬರುತ್ತದೆ. ಕಣ್ಣಪಾಪೆ ಸೂಜಿಮೊನೆಯಷ್ಟಾಗಿ ಬಾಯಲ್ಲಿ ಜೊಲ್ಲು ಇಳಿಯುತ್ತಿದ್ದರೆ ಮಾತ್ರ ಅದು ಬಿಸಿಲಲ್ಲ: ಔಷಧಿಯ ಡಬ್ಬಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.