ಬೆಕ್ಕಿನ ಲಿಟರ್ ಬಾಕ್ಸ್: ಬಾತ್‌ರೂಮಿನಲ್ಲೋ, ಹಾಲ್‌ನ ಮೂಲೆಯಲ್ಲೋ?

ಲಿಟರ್ ಬಾಕ್ಸ್ ಎಂದರೆ ಬೆಕ್ಕಿನ ಮಲಮೂತ್ರಕ್ಕೆಂದು ಲಿಟರ್, ಅಂದರೆ ಮರಳಿನಂಥ ಹರಳು, ತುಂಬಿಟ್ಟ ತಟ್ಟೆ. ಅದನ್ನು ಎಲ್ಲಿಡುವುದೆಂದಾಗ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಬಾತ್‌ರೂಮೇ. ನೆಲ ತೊಳೆಯುವುದು ಸುಲಭ, ಚೆಲ್ಲಿದ ಲಿಟರ್ ಮನೆಯೆಲ್ಲ ಹರಡುವುದಿಲ್ಲ. ಆದರೆ ಅಲ್ಲಿ ತೇವ ಜಾಸ್ತಿ, ಲಿಟರ್ ಬೇಗ ವಾಸನೆ ಹಿಡಿಯುತ್ತದೆ. ಯಾರಾದರೂ ಒಳಗಿಂದ ಚಿಲಕ ಹಾಕಿಕೊಂಡರಂತೂ ಬೆಕ್ಕು ಬಾಗಿಲ ಮುಂದೆ ಕಾಯಬೇಕು. ತಡೆಯಲಾರದೆ ಕಾಲೊರಸಿನ ಮೇಲೆ ಕೂತರೆ ಅದರ ತಪ್ಪೇನಿದೆ?

ಹಾಲ್‌ನ ಮೂಲೆ ನೋಡಲು ಅಷ್ಟು ಚಂದವಲ್ಲ, ನಿಜ. ಬೆಕ್ಕಿಗೆ ಮಾತ್ರ ಅದೇ ಅನುಕೂಲ. ಯಾವ ಹೊತ್ತಿಗೂ ದಾರಿ ತೆರೆದಿರುತ್ತದೆ, ಯಾರು ಬರುತ್ತಿದ್ದಾರೆಂದು ಕೂತಲ್ಲಿಂದಲೇ ಕಾಣುತ್ತದೆ. ಜನ ಓಡಾಡುವ ನಡುದಾರಿ ಬಿಟ್ಟು ಒಂದು ಬದಿಗಿದ್ದರೆ ಸಾಕು. ಕಣ್ಣೆದುರೇ ಇರುವುದರಿಂದ ದಿನಾ ಕ್ಲೀನ್ ಮಾಡುವುದೂ ಮರೆಯುವುದಿಲ್ಲ. ಬೆಕ್ಕು ಮತ್ತೆ ಮತ್ತೆ ಹೋಗಿ ಕೂತು ತಿಣುಕುತ್ತಿದ್ದರೆ ತಕ್ಷಣ ಗೊತ್ತಾಗುತ್ತದೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಜೀವಕ್ಕೇ ಅಪಾಯ, ಕೂಡಲೇ ಡಾಕ್ಟರ್ ಹತ್ತಿರ ಕರೆದೊಯ್ಯಬೇಕು. ಈ ಒಂದು ಕಾರಣಕ್ಕೇ ನಾನು ಹಾಲ್ ಅನ್ನೇ ಆರಿಸುತ್ತೇನೆ.

ಎಲ್ಲೇ ಇಟ್ಟರೂ ವಾಷಿಂಗ್ ಮೆಷಿನ್ ಪಕ್ಕ ಬೇಡ. ಅದರ ಸದ್ದಿಗೆ ಒಮ್ಮೆ ಬೆದರಿದ ಬೆಕ್ಕು ಮತ್ತೆ ಆ ಕಡೆ ಸುಳಿಯದಿರಬಹುದು. ಊಟ, ನೀರಿನ ಬಟ್ಟಲೂ ದೂರವಿರಲಿ. ಎರಡು ಬೆಕ್ಕುಗಳಿದ್ದರೆ ಮೂರು ಬಾಕ್ಸ್ ಬೇಕು, ಅವೂ ಬೇರೆ ಬೇರೆ ಕಡೆ. ಆಗ ಬಾತ್‌ರೂಮಿನಲ್ಲೂ ಒಂದಿರಲಿ, ಬಾಗಿಲು ಸದಾ ತೆರೆದಿಡಲು ಆಗುವುದಾದರೆ.